ಹಳ್ಳಿಯ ಮಾತಿಗೆ ಹಳ್ಳಿಯ ಬಾನುಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ತೋಟಿಗರಿಗೆ ಕೊಳೆರೋಗದ ಮದ್ದನ್ನು ಕುರಿತು ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಪ್ರಮಾಣವು ಕೊನೆಗಾರರಿಗೆಲ್ಲ ಬಾಯಿಪಾಠವಾಗಿರುವದು. ಮಳೆಗಾಲಕ್ಕೆ ಮೊದಲು ಒಂದು ಸಲ, ಅಲ್ಲಿಂದ ನಲವತ್ತು-ನಲವತ್ತೈದು ದಿನಗಳಿಗೆ ಮತ್ತೊಂದು ಸಲ ಹೊಡೆಯತಕ್ಕದ್ದೆಂಬುದೂ ತಿಳಿದದ್ದೇ. ಕಷ್ಟವಿರುವದು ಪ್ರಮಾಣದಲ್ಲಲ್ಲ, ದಿನವನ್ನು ಗೊತ್ತುಮಾಡುವದರಲ್ಲಿ. ಆಷಾಢದ ಮಳೆಯು ಯಾವಾಗ ಹೊಳವಾದೀತೆಂಬ ಸುದ್ದಿಯು ಎರಡು ದಿನ ಮುಂಚಿತವಾಗಿ ತೋಟದ ಮನೆಗೆ ಮುಟ್ಟಿದರೆ ಫಸಲು ಉಳಿಯುವದು. ಮುಟ್ಟದಿದ್ದರೆ ಮದ್ದೂ ಕೂಲಿಯೂ ಹಳ್ಳದ ಪಾಲು. ರಾಶಿ, ಚಾಲಿಗಳ ಧಾರಣೆಯ ಸಂಗತಿಯೂ ಇಂತಹದೇ. ಪೇಟೆಯವನಿಗೆ ಬೆಳಿಗ್ಗೆ ತಿಳಿದದ್ದು ಒಳಹಳ್ಳಿಯ ಬೆಳೆಗಾರನಿಗೆ ಮಾಲು ಮಾರಿದ ಮೇಲೆ ತಿಳಿದರೆ ಏನು ಪ್ರಯೋಜನ? 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಮಂಗನಕಾಯಿಲೆಯು ತಲೆದೋರಿದಾಗ, ಸೊಪ್ಪಿಗೂ ದರಕಿಗೂ ಬೆಟ್ಟಕ್ಕೆ ಹೋಗುವವರಿಗೆ ಎಚ್ಚರಿಕೆಯ ಮಾತು ವೇಳೆಗೆ ಮುಟ್ಟುವದು ಪ್ರಾಣದ ಪ್ರಶ್ನೆಯೇ ಆಗಿತ್ತು.

ಕೈಯಲ್ಲಿ ಮೊಬೈಲು ಇರುವಾಗ ಇದೆಲ್ಲ ಏತಕ್ಕೆಂದು ಕೆಲವರು ಕೇಳಬಹುದು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಪಾಠ ಕೇಳುವದಕ್ಕೆ ಗುಡ್ಡವನ್ನೇರಿ ಕುಳಿತದ್ದನ್ನು ನಾವೆಲ್ಲರೂ ಬಲ್ಲೆವು. ದೇಶದಲ್ಲಿ ಸಂಪರ್ಕವಿಲ್ಲದ 24,680 ಗ್ರಾಮಗಳಿಗೆ 4ಜಿ ಸೌಕರ್ಯವನ್ನು ಒದಗಿಸಲು ಕೇಂದ್ರ ಸರಕಾರವು 2022ರ ಜುಲೈಯಲ್ಲಿ 26,316 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ಇದು ಸ್ತುತ್ಯವೇ. ಆದರೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಗೋಪುರವೂ ಬಹುಕಾಲ ಮಾತಾಡದು. ಎರಡು ಸೆಲ್ಲಿನ ರೇಡಿಯೋ ಪೆಟ್ಟಿಗೆಗೆ ಆ ಚಿಂತೆಯಿಲ್ಲ.

ಬಾನುಲಿಯ ವಿಷಯದಲ್ಲಿ ಕನ್ನಡನಾಡು ಹಿಂದೆ ಬಿದ್ದುದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸಣ್ಣ ಪ್ರಸಾರಯಂತ್ರವನ್ನಿಟ್ಟು ಅದನ್ನು ‘ಆಕಾಶವಾಣಿ’ ಎಂದು ಕರೆದರು. ಆದರೆ ನಿಸ್ತಂತು ಪ್ರಸಾರದ ಅಧಿಕಾರವು 1885ರ ತಂತಿ ಕಾಯಿದೆಯ ಮೇರೆಗೆ ಸರಕಾರಕ್ಕೆ ಮೀಸಲಾಗಿದ್ದುದರಿಂದ, ಹಳ್ಳಿಯವನು ಬಹುಕಾಲ ಕೇಳುವವನಾಗಿಯೇ ಉಳಿದನು. 1956ರಲ್ಲಿ, ಅಂದರೆ ನಮ್ಮ ಜಿಲ್ಲೆಯು ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, ಪುಣೆಯ ಕೇಂದ್ರದವರು ಆ ರಾಜ್ಯದ ಐದು ಮರಾಠಿ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಒಂದು ಪರೀಕ್ಷೆಯನ್ನು ನಡೆಸಿದರು. ಹಳ್ಳಿಗರು ವಾರಕ್ಕೆರಡು ಸಲ ಕೂಡಿ ಕೇಳುವದು, ಕೇಳಿದ್ದನ್ನು ಚರ್ಚಿಸುವದು, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಉತ್ತರ ಪಡೆಯುವದು, ಹೀಗೆ ಇಪ್ಪತ್ತು ಪ್ರಸಾರಗಳು ನಡೆದವು. ಬರಿದೆ ಕೇಳುವದಕ್ಕಿಂತ ಕೂಡಿ ಮಾತಾಡಿದಲ್ಲಿ ತಿಳಿವಳಿಕೆಯು ಹೆಚ್ಚಿತೆಂದು ಕಂಡುಬಂದಿತು.

ಮುಂದೆ 1995ರ ಫೆಬ್ರುವರಿ 9ರಂದು ಸರ್ವೋಚ್ಚ ನ್ಯಾಯಾಲಯವು, ಕ್ರಿಕೆಟ್ ಪಂದ್ಯದ ಪ್ರಸಾರದ ಬಗ್ಗೆ ಎದ್ದ ಒಂದು ವ್ಯಾಜ್ಯದಲ್ಲಿ, ಆಕಾಶದ ಅಲೆಗಳು ಸಾರ್ವಜನಿಕ ಸ್ವತ್ತೆಂದೂ ಅವನ್ನು ಸಾರ್ವಜನಿಕ ಹಿತಕ್ಕಾಗಿ ಬಳಸತಕ್ಕದ್ದೆಂದೂ ತೀರ್ಪಿತ್ತಿತು. ಆಟದ ಜಗಳದಿಂದ ಹಳ್ಳಿಗೆ ಹಕ್ಕು ಬಂದದ್ದು ವಿನೋದವೇ ಸರಿ! ಆದರೆ ತೀರ್ಪು ತಾನಾಗಿ ಫಲ ಕೊಡಲಿಲ್ಲ. 1996ರಲ್ಲಿ ಬೆಂಗಳೂರಿನಲ್ಲಿ ಕೂಡಿದ ಪ್ರಸಾರಕರೂ ಸೇವಾಸಂಸ್ಥೆಗಳವರೂ ಸಮುದಾಯಕ್ಕೆ ತನ್ನದೇ ಬಾನುಲಿ ಬೇಕೆಂದು ಘೋಷಣಾಪತ್ರವನ್ನು ಹೊರಡಿಸಿದರು. ಪಟ್ಟಣಗಳ ಖಾಸಗಿ ಕೇಂದ್ರಗಳಿಗೆ 2001ರೊಳಗೆ ದಾರಿಯಾಯಿತು, ಹಳ್ಳಿಗೆ ಆಗಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅಲೆಯು ದೊರೆಯದಿದ್ದರೆ ತಂತಿಯಾದರೂ ಆಗಲೆಂದು, ‘ನಮ್ಮ ಧ್ವನಿ’ ಎಂಬ ಹೆಸರಿನಲ್ಲಿ ಟೀವಿಯ ಕೇಬಲಿನ ಮೂಲಕವೇ ತಮ್ಮ ಮಾತನ್ನು ಮನೆಮನೆಗೆ ಮುಟ್ಟಿಸಿದರು. ಆಗಿನ ಮೇದಕ್ ಜಿಲ್ಲೆಯ ಮಾಚನೂರಿನ ದಲಿತ ರೈತ ಸ್ತ್ರೀಯರು ಯಂತ್ರವನ್ನು ಸಿದ್ಧಮಾಡಿಕೊಂಡು ಸುಮಾರು ಹತ್ತು ವರ್ಷ ಪರವಾನಿಗೆಗಾಗಿ ಕಾದರು. ವಿದ್ಯಾಸಂಸ್ಥೆಗಳಿಗೆ 2002ರಲ್ಲಿ ಕೊಟ್ಟಿದ್ದ ಅನುಮತಿಯನ್ನು 2006ರ ನವೆಂಬರಿನಲ್ಲಿ ಸೇವಾಸಂಸ್ಥೆಗಳಿಗೂ ಕೃಷಿವಿಜ್ಞಾನ ಕೇಂದ್ರಗಳಿಗೂ ವಿಸ್ತರಿಸಿದ ಮೇಲೆ, 2008ರ ಅಕ್ಟೋಬರ 15ರಂದು ಮಾಚನೂರಿನ ಪ್ರಸಾರವು ಆರಂಭವಾಯಿತು.

ನಿಯಮಗಳನ್ನು ಸಂಕ್ಷೇಪವಾಗಿ ಹೇಳುವೆನು. ಲಾಭವನ್ನೆಣಿಸದ, ಮೂರು ವರ್ಷಗಳಿಗೆ ಕಡಿಮೆಯಿಲ್ಲದೆ ಕೆಲಸ ಮಾಡಿದ ನೋಂದಾಯಿತ ಸಂಘ, ವಿಶ್ವಸ್ತ ಮಂಡಲಿಗಳೂ ವಿದ್ಯಾಸಂಸ್ಥೆಗಳೂ ಅರ್ಜಿ ಮಾಡಬಹುದು. ಒಬ್ಬೊಬ್ಬ ವ್ಯಕ್ತಿಗಾಗಲಿ ರಾಜಕೀಯ ಪಕ್ಷಕ್ಕಾಗಲಿ ಅವಕಾಶವಿಲ್ಲ. ಯಂತ್ರದ ಶಕ್ತಿಯು ಸಾಧಾರಣವಾಗಿ 100 ವಾಟು, ಕಂಬದ ಎತ್ತರವು 30 ಮೀಟರಿನೊಳಗೆ, ವ್ಯಾಪ್ತಿಯು ಐದರಿಂದ ಹತ್ತು ಕಿಲೋಮೀಟರು. ಕಾರ್ಯಕ್ರಮದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸ್ಥಳಿಕರೇ ಪಾಲ್ಗೊಂಡು ಸಿದ್ಧಪಡಿಸಿದ್ದಾಗಿರಬೇಕು. ಕೇಂದ್ರದವರು ಸ್ವತಂತ್ರವಾಗಿ ವಾರ್ತೆಯನ್ನು ಓದುವಂತಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ನಿರ್ಬಂಧವು ಅನಾವಶ್ಯಕವಾದುದು. ಪತ್ರಿಕೆಯು ಮುದ್ರಿಸಬಹುದಾದುದನ್ನು ಹಳ್ಳಿಯ ಬಾನುಲಿಯು ನುಡಿಯಬಾರದೇಕೆ? ಆದರೂ ಹವೆ, ವಿದ್ಯುತ್ತು, ನೀರು, ಪ್ರಕೃತಿವಿಕೋಪ, ಆರೋಗ್ಯದ ಎಚ್ಚರಿಕೆ ಇವು ವಾರ್ತೆಯೆಂಬ ನಿಷೇಧಕ್ಕೆ ಒಳಪಡುವದಿಲ್ಲವಾದ್ದರಿಂದ ಒಕ್ಕಲಿಗನಿಗೆ ಅವಶ್ಯವಾದುದರಲ್ಲಿ ಬಹುಭಾಗವು ಉಳಿಯುವದು. ಖರ್ಚಿಗಾಗಿ ಗಂಟೆಗೆ ಹನ್ನೆರಡು ನಿಮಿಷಗಳ ಜಾಹೀರಾತಿಗೆ 2024ರ ನಿಯಮಗಳು ಎಡೆಗೊಟ್ಟಿವೆ.

ನಮ್ಮ ಸೀಮೆಯ ಅಡಚಣೆಯನ್ನು ಮರೆಮಾಚಬಾರದು. ಇಲ್ಲಿ ಮನೆಗೂ ಮನೆಗೂ ನಡುವೆ ಗುಡ್ಡ, ಗುಡ್ಡಕ್ಕೂ ಗುಡ್ಡಕ್ಕೂ ನಡುವೆ ತೋಟಪಟ್ಟಿ. ಎಫ್.ಎಂ. ಅಲೆಯು ನೇರವಾಗಿ ಸಾಗುವದಲ್ಲದೆ ಬೆಟ್ಟವನ್ನು ಬಳಸಿ ಇಳಿಯದು. ಶಿರಸಿಯಲ್ಲಿ ಕಂಬ ನೆಟ್ಟರೆ ಯಲ್ಲಾಪುರದ ಕಣಿವೆಗೆ ಕೇಳೀತೆಂದು ಯಾರೂ ಭರವಸೆ ಕೊಡಲಾಗದು. ದೊಡ್ಡದೊಂದಕ್ಕಿಂತ ಸಣ್ಣವು ಎರಡು-ಮೂರು ಲೇಸು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು 2007ರಿಂದ ಸಮುದಾಯ ಬಾನುಲಿಯಲ್ಲಿ ಅನುಭವ ಪಡೆದಿದೆ. ಅದರ ಅರಣ್ಯ ಮಹಾವಿದ್ಯಾಲಯವೂ ಕೃಷಿವಿಜ್ಞಾನ ಕೇಂದ್ರವೂ ಶಿರಸಿಯಲ್ಲಿಯೇ ಇರುವದರಿಂದ ತಿಳಿದವರ ಸಲಹೆಗಾಗಿ ದೂರ ಅಲೆಯಬೇಕಾಗಿಲ್ಲ.

ಇನ್ನೊಂದು ಮಾತು ಮುಖ್ಯವಾಗಿ ಜಮೀನುದಾರರಿಗೆ. ಬಾನುಲಿಯು ಇಲಾಖೆಯ ಪತ್ರಕಗಳನ್ನು ಓದಿ ಹೇಳುವ ಯಂತ್ರವಾದರೆ ಮೂರು ತಿಂಗಳಲ್ಲಿ ಯಾರೂ ಕೇಳರು. ತೋಟದ ಒಡೆಯನಷ್ಟೇ ಕೊನೆಗಾರನೂ, ಅಡಿಕೆ ಸುಲಿಯುವ ಹೆಂಗಸೂ, ಯಲ್ಲಾಪುರದ ಕಾಡಿನ ಸಿದ್ದಿಯೂ ಗೌಳಿಯೂ ಅಲ್ಲಿ ಕುಳಿತು ಮಾತಾಡಬೇಕು. ಕೂಲಿಯ ದರದ ಮಾತು ಬಂದೀತು, ಬೆಟ್ಟದ ಸೊಪ್ಪಿನ ತಕರಾರೂ ಬಂದೀತು. ಅದಕ್ಕೆ ಅಂಜಿದವರು ಈ ಕೆಲಸಕ್ಕೆ ಕೈಹಾಕದಿರುವದು ಒಳ್ಳೆಯದು.

ಕೈಹಾಕುವವರು ಮೊದಲು ಗ್ರಾಮಸಭೆಯಲ್ಲಿ ಈ ವಿಷಯವನ್ನೆತ್ತಿ ನಡುವಳಿಯಲ್ಲಿ ಬರೆಯಿಸಲಿ. ಆಮೇಲೆ ಸೀಮೆಯ ಯಾವ ನೋಂದಾಯಿತ ಸಂಘವು ಮುಂದಾಗಬಲ್ಲದೆಂಬುದನ್ನು ನಿಶ್ಚಯಿಸಿ, ಅದರ ಮೂರು ವರ್ಷಗಳ ಲೆಕ್ಕಪತ್ರಗಳನ್ನು ಸಿದ್ಧಪಡಿಸಿ, ಕೇಂದ್ರ ಸರಕಾರದ ವಾರ್ತಾ ಮತ್ತು ಪ್ರಸಾರ ಮಂತ್ರಾಲಯಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಪರವಾನಿಗೆ ಬರುವವರೆಗೆ ಸುಮ್ಮನಿರಬೇಕಾದುದಿಲ್ಲ. ಬೂದಿಕೋಟೆಯವರಂತೆ ಊರವರ ಮಾತುಗಳನ್ನು ಧ್ವನಿಮುದ್ರಿಸಿ ಸಂಘದ ಸಭೆಗಳಲ್ಲಿಯೂ ಸಂತೆಯಲ್ಲಿಯೂ ಕೇಳಿಸುವದಕ್ಕೆ ಯಾರ ಅಪ್ಪಣೆಯನ್ನೂ ಕಾಯದೆ ಈ ಮಳೆಗಾಲದಲ್ಲಿಯೇ ತೊಡಗಬಹುದು.