ಸಗಣಿಗೆ ಸೇರಿದ ಮದ್ದು ಎಲ್ಲಿಗೆ ಹೋಗುತ್ತದೆ?

ಸಗಣಿ ಎಂದೊಡನೆ ಮೂಗು ಮುರಿಯುವವರಿದ್ದಾರೆ. ಆದರೆ ಹುಲ್ಲುಗಾವಲಿನಲ್ಲಿ ಹಸು ಸಗಣಿ ಹಾಕಿದ ಕೆಲವೇ ನಿಮಿಷಗಳಲ್ಲಿ ಅಲ್ಲಿಗೆ ಅತಿಥಿಗಳು ಬರತೊಡಗುತ್ತಾರೆ. ಮೊದಲು ನೊಣಗಳು, ಅನಂತರ ಸಗಣಿ ದುಂಬಿಗಳು. ದುಂಬಿ ಕೊರೆದ ತೂತುಗಳಲ್ಲಿ ಗಾಳಿ ಆಡುತ್ತದೆ. ಶಿಲೀಂಧ್ರ, ಬ್ಯಾಕ್ಟೀರಿಯಾ, ಎರೆಹುಳುಗಳು ಸರದಿಯಂತೆ ಬಂದು ಉಳಿದ ಕೆಲಸ ಮುಗಿಸುತ್ತವೆ. ಕೊನೆಗೆ ಸಗಣಿ ಮಣ್ಣಾಗುತ್ತದೆ.

ಈ ಅತಿಥಿಗಳು ಬಂದೂ ಬದುಕದೇ ಹೋದರೆ?

1987ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳಾದ ವಾಲ್ ಮತ್ತು ಸ್ಟ್ರಾಂಗ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ವರದಿ ಮಾಡಿದರು. ಅವರು ಕರುಗಳಿಗೆ ಐವರ್‌ಮೆಕ್ಟಿನ್ ಎಂಬ ಜಂತುನಾಶಕ ಕೊಟ್ಟಿದ್ದರು. ಅದು ಹೊಟ್ಟೆಯಲ್ಲೇ ಉಳಿದು ದಿನವೂ ಸ್ವಲ್ಪ ಸ್ವಲ್ಪ ಮದ್ದು ಬಿಡುವ ಗುಳಿಗೆ. ಮದ್ದು ತಿನ್ನದ ಕರುಗಳ ಸಗಣಿ 100 ದಿನಗಳಲ್ಲಿ ಬಹುಮಟ್ಟಿಗೆ ಕರಗಿಹೋಗಿತ್ತು. ಮದ್ದು ತಿಂದ ಕರುಗಳ ಸಗಣಿ ಮಾತ್ರ ಗಟ್ಟಿಯಾಗಿ ಹಾಗೆಯೇ ಬಿದ್ದಿತ್ತು. ಮುಂದಿನ ಎಲ್ಲ ಪ್ರಯೋಗಗಳಲ್ಲೂ ಇದೇ ಫಲ ಕಾಣಲಿಲ್ಲ. ಒಂದೇ ಸಲ ಚುಚ್ಚುಮದ್ದು ಕೊಟ್ಟ ಕಡೆ ಸಗಣಿ ಎಂದಿನಂತೆ ಕರಗಿದ್ದೂ ಉಂಟು. ಆದರೆ ಅಂಥ ಸಗಣಿಯಲ್ಲಿ ನೊಣ, ದುಂಬಿಗಳ ಮರಿಹುಳುಗಳು ಸಾಯುವುದು ಹಲವು ದೇಶಗಳಲ್ಲಿ ದೃಢಪಟ್ಟಿದೆ.

ಐವರ್‌ಮೆಕ್ಟಿನ್ ಕೆಟ್ಟ ಮದ್ದೇನಲ್ಲ. ಜಪಾನಿನ ಮಣ್ಣಿನಲ್ಲಿ ಸತೋಶಿ ಒಮುರಾ ಗುರುತಿಸಿದ ಸೂಕ್ಷ್ಮಜೀವಿಯಿಂದ ಬಂದ ಈ ಔಷಧ ಆಫ್ರಿಕದ ಲಕ್ಷಾಂತರ ಜನರ ಕಣ್ಣು ಉಳಿಸಿದೆ. ಈ ಸಂಶೋಧನೆಗಾಗಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ 2015ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ತೊಂದರೆ ಇರುವುದು ಬೇರೆ ಕಡೆ. ಹಸುವಿನ ದೇಹ ಈ ಮದ್ದನ್ನು ಪೂರ್ತಿ ಒಡೆಯಲಾರದು. ಬಹುಪಾಲು ಮದ್ದು ಸಗಣಿಯ ಜೊತೆ ಹೊರಬರುತ್ತದೆ. ಜಂತುವಿನ ನರವನ್ನು ನಿಶ್ಚಲಗೊಳಿಸುವ ವಸ್ತುವಿಗೆ ದುಂಬಿಯ ಮರಿ ಬೇರೆಯೆಂದು ಹೇಗೆ ಗೊತ್ತಾಗಬೇಕು?

ಬಿಸಿಲು, ಗಾಳಿ, ಕಾವು

ಹೊರಬಂದ ಮದ್ದು ಶಾಶ್ವತವಾಗಿ ಉಳಿಯುವುದಿಲ್ಲ. ಅದು ಎಷ್ಟು ಬೇಗ ಒಡೆಯುತ್ತದೆ ಎಂಬುದನ್ನು ‘ಅರ್ಧಾಯು’ವಿನಿಂದ ಅಳೆಯುತ್ತಾರೆ. ಅಂದರೆ ನೂರು ಪಾಲು ಐವತ್ತಾಗಲು ಹಿಡಿಯುವ ಕಾಲ. ಮಣ್ಣು ಮತ್ತು ಸಗಣಿಯ ಮಿಶ್ರಣವನ್ನು ಬಯಲಿನಲ್ಲಿಟ್ಟು ಅಳೆದಾಗ ಐವರ್‌ಮೆಕ್ಟಿನ್ನಿನ ಅರ್ಧಾಯು ಬೇಸಿಗೆಯಲ್ಲಿ 7ರಿಂದ 14 ದಿನ, ಚಳಿಗಾಲದಲ್ಲಿ 91ರಿಂದ 217 ದಿನ ಎಂದು ತಿಳಿದುಬಂತು. ತೆಳುವಾಗಿ ಹರಡಿದ್ದರೆ ಬಿಸಿಲಿಗೆ ಇನ್ನೂ ಬೇಗ ಒಡೆಯುತ್ತದೆ. ಆದರೆ ಸಗಣಿಯ ಒಡಲಿಗೆ ಬಿಸಿಲು ಇಳಿಯುವುದಿಲ್ಲ. ಗಾಳಿಯಾಡದ ಗುಂಡಿಯಲ್ಲಿ ಇದು ಒಡೆಯುವುದು ಬಲು ನಿಧಾನ.

ಉಣ್ಣೆ ಕೊಲ್ಲಲು ದನದ ಮೈಗೆ ಹಚ್ಚುವ ಡೆಲ್ಟಾಮೆಥ್ರಿನ್‌ನಂಥ ಕೀಟನಾಶಕಗಳೂ ಸಗಣಿಗೆ ಸೇರಿ ದುಂಬಿಗಳನ್ನು ಕೊಲ್ಲಬಲ್ಲವು.

ಪ್ರತಿಜೀವಕಗಳ ಕಥೆಯೇ ಬೇರೆ. ಪೆನಿಸಿಲಿನ್ ಬೇಗ ಒಡೆಯುತ್ತದೆ. ಟೆಟ್ರಾಸೈಕ್ಲಿನ್ ಮಣ್ಣಿನ ಕಣಗಳಿಗೆ ಅಂಟಿ ಕೂರುತ್ತದೆ. ಈ ಮಾತ್ರೆಯನ್ನು ಹಾಲಿನೊಂದಿಗೆ ನುಂಗಬೇಡಿ ಎಂದು ವೈದ್ಯರು ಹೇಳುವುದಕ್ಕೆ ಕಾರಣವೂ ಇಂಥ ಅಂಟುಗುಣವೇ: ಅದು ಹಾಲಿನ ಕ್ಯಾಲ್ಸಿಯಂಗೆ ಅಂಟಿಕೊಂಡುಬಿಡುತ್ತದೆ. ಇನ್ನು ಸಲ್ಫಾ ಮದ್ದುಗಳದ್ದು ವಿಚಿತ್ರ. ಪ್ರಾಣಿಯ ದೇಹ ಅದಕ್ಕೊಂದು ರಾಸಾಯನಿಕ ಬಾಲಂಗೋಚಿ ಕಟ್ಟಿ, ನಿಷ್ಕ್ರಿಯಗೊಳಿಸಿ ಹೊರಗಟ್ಟುತ್ತದೆ. ಗೊಬ್ಬರದ ಬ್ಯಾಕ್ಟೀರಿಯಾಗಳು ಆ ಬಾಲಂಗೋಚಿಯನ್ನು ಕಿತ್ತರೆ ಮೂಲ ಮದ್ದು ಮರಳಿ ಎದ್ದು ಕೂರುತ್ತದೆ!

ಹಾಗಾದರೆ ಕೊಳೆಸಿದರೆ ಸಾಕೆ? ಅಮೆರಿಕದಲ್ಲಿ ಟರ್ಕಿ ಕೋಳಿಯ ಗೊಬ್ಬರವನ್ನು ಕಾಂಪೋಸ್ಟ್ ಮಾಡಿ ನೋಡಿದ 2008ರ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಅದರಲ್ಲಿ ಕ್ಲೋರ್‌ಟೆಟ್ರಾಸೈಕ್ಲಿನ್ ಶೇ. 99ಕ್ಕೂ ಹೆಚ್ಚು ಇಳಿಯಿತು. ಟೈಲೋಸಿನ್ ಮತ್ತು ಮೊನೆನ್ಸಿನ್ ಶೇ. 54ರಿಂದ 76ರಷ್ಟು ಇಳಿದವು. ಸಲ್ಫಾಮೆಥಜಿನ್ ಮಾತ್ರ ಜಗ್ಗಲಿಲ್ಲ. ಕಾಂಪೋಸ್ಟ್ ಒಳ್ಳೆಯ ಉಪಾಯ ನಿಜ, ಆದರೆ ಅದು ಸರ್ವರೋಗ ನಿವಾರಕವಲ್ಲ.

ನಮ್ಮ ಮನೆಯ ಮಾತು

ಇದೆಲ್ಲ ನಮಗೇಕೆ? ತಿಪ್ಪೆಯ ಗೊಬ್ಬರ ಹೋಗುವುದು ನಮ್ಮ ಸೊಪ್ಪಿನ ಮಡಿಗೆ, ರಾಗಿಯ ಹೊಲಕ್ಕೆ. ಅಲ್ಪ ಪ್ರಮಾಣದ ಪ್ರತಿಜೀವಕದ ನಡುವೆ ಬೆಳೆಯುವ ಬ್ಯಾಕ್ಟೀರಿಯಾಗಳಲ್ಲಿ ಅದಕ್ಕೆ ಮಣಿಯದವೇ ಉಳಿದು ಹೆಚ್ಚುತ್ತವೆ. ಆ ಗುಣ ರೋಗಾಣುಗಳಿಗೂ ದಾಟಬಲ್ಲದು. ಹಾಗೆ ದಾಟಿದರೆ ನಾಳೆ ನಮ್ಮ ಮಗುವಿನ ಜ್ವರಕ್ಕೆ ಕೊಡುವ ಔಷಧವೇ ಕೆಲಸ ಮಾಡದಿರಬಹುದು.

ಹಾಗೆಂದು ಕಾಯಿಲೆಯ ದನಕ್ಕೆ ಔಷಧ ಕೊಡದಿರುವುದು ಸಲ್ಲದು. ಅಂಗಡಿಯಿಂದ ನಾವೇ ತಂದು ಹಾಕುವ ಬದಲು ಪಶುವೈದ್ಯರ ಸಲಹೆ ಪಡೆಯೋಣ. ಜಂತಿನ ಮದ್ದು ಹಾಕುವ ಮುನ್ನ ಪಶು ಆಸ್ಪತ್ರೆಯಲ್ಲಿ ಸಗಣಿ ಪರೀಕ್ಷೆ ಮಾಡಿಸೋಣ. ಫೆನ್‌ಬೆಂಡಜೋಲ್‌ನಂಥ ಮದ್ದುಗಳು ದುಂಬಿಗಳಿಗೆ ಅಷ್ಟು ಅಪಾಯಕಾರಿಯಲ್ಲ; ಅವು ಸಾಕಾಗುತ್ತವೆಯೇ ಎಂದು ವೈದ್ಯರನ್ನು ಕೇಳೋಣ. ಮದ್ದು ಪಡೆದ ರಾಸಿನ ಸಗಣಿಯನ್ನು ಹಸಿಯಾಗಿಯೇ ತರಕಾರಿಗೆ ಹಾಕದೆ ಬೇರೆ ರಾಶಿ ಮಾಡೋಣ. ಹುಲ್ಲು, ತರಗೆಲೆ ಬೆರೆಸಿ, ತೇವ ಕಾದು, ಆಗಾಗ ಮಗುಚಿದರೆ ಒಳಗೆ ಕಾವು ಏರುತ್ತದೆ. ಗಾಳಿ ಮತ್ತು ಕಾವು ಸಿಕ್ಕರೆ ಸೂಕ್ಷ್ಮಜೀವಿಗಳು ಚುರುಕಾಗುತ್ತವೆ.

ವಿದ್ಯಾರ್ಥಿ ಮಿತ್ರರೇ, ರಜೆಯಲ್ಲಿ ಊರಿಗೆ ಹೋದಾಗ ಹೀಗೊಂದು ಪರೀಕ್ಷೆ ಮಾಡಿ. ಮದ್ದು ಪಡೆದ ಹಸುವಿನದೊಂದು, ಪಡೆಯದ ಹಸುವಿನದೊಂದು ಸಗಣಿಯ ಗುಪ್ಪೆಯನ್ನು ಗುರುತಿಸಿಕೊಳ್ಳಿ. ಏಳನೆಯ ದಿನ, ಹದಿನೈದನೆಯ ದಿನ ಕಡ್ಡಿಯಿಂದ ಬಿಡಿಸಿ ತೂತು ಮತ್ತು ಹುಳುಗಳನ್ನು ಎಣಿಸಿ ಬರೆದಿಡಿ. ಕೈ ತೊಳೆಯಲು ಮರೆಯಬೇಡಿ. ಎಣಿಕೆ ಮುಗಿದಾಗ ಸಗಣಿಯನ್ನು ಮಣ್ಣು ಮಾಡುವವರು ಯಾರೆಂದು ನಿಮಗೇ ತಿಳಿದಿರುತ್ತದೆ.