ಪ್ಲಗ್ಗಿನ ಕತೆ, ಪಿಂಗಾಣಿಯ ಕತೆ

ಸ್ಪಾರ್ಕ್ ಪ್ಲಗ್‌ನಲ್ಲಿ ಅಲುಗಾಡುವ ಭಾಗ ಒಂದೂ ಇಲ್ಲ. ನಡುವೆ ಲೋಹದ ಕಡ್ಡಿ, ಸುತ್ತ ಬಿಳಿ ಪಿಂಗಾಣಿ, ಹೊರಗೆ ಥ್ರೆಡ್ ಕೊರೆದ ಉಕ್ಕಿನ ಕವಚ, ಕವಚದ ಅಂಚಿನಿಂದ ಬಾಗಿ ಬಂದ ಇನ್ನೊಂದು ಕಡ್ಡಿ. ಇಷ್ಟೇ ಆದರೂ ಇದನ್ನು ನೆಚ್ಚಿಕೊಳ್ಳುವಂತಾಗಲು ಎಪ್ಪತ್ತು ವರ್ಷ ಹಿಡಿಯಿತು. ತೊಡಕಿದ್ದದ್ದು ಪಿಂಗಾಣಿಯಲ್ಲಿ. ಅದು ಹತ್ತಿಪ್ಪತ್ತು ಸಾವಿರ ವೋಲ್ಟ್ ಸೋರದಂತೆ ತಡೆಯಬೇಕು, ಬೆಂಕಿಗೆ ಬಿರಿಯಬಾರದು, ಮರುಗಳಿಗೆ ತಣ್ಣನೆಯ ಗಾಳಿ ತಾಗಿದರೂ ಒಡೆಯಬಾರದು.

1860ರಲ್ಲಿ ಪ್ಯಾರಿಸ್‌ನಲ್ಲಿ ಎಟಿಯೆನ್ ಲೆನ್ವಾರ್ ತನ್ನ ಅನಿಲ ಎಂಜಿನ್ನನ್ನು ವಿದ್ಯುತ್ ಕಿಡಿಯಿಂದ ಓಡಿಸಿದ. ಪಿಂಗಾಣಿ ತೊಟ್ಟ ಪ್ಲಗ್ ಆಗಲೇ ಇತ್ತು. ಆದರೆ ಕಿಡಿಯನ್ನು ನಂಬದ ಜರ್ಮನಿಯ ಕಾರು ತಯಾರಕ ಡೈಮ್ಲರ್, ಕೆಂಪಗೆ ಕಾಯಿಸಿದ ಕೊಳವೆಯಿಂದಲೇ ಇಂಧನಕ್ಕೆ ಬೆಂಕಿ ಹೊತ್ತಿಸುತ್ತಿದ್ದ. ಪರಿಸ್ಥಿತಿ ಬದಲಾದದ್ದು 1902ರಲ್ಲಿ. ಸ್ಟುಟ್‌ಗಾರ್ಟ್‌ನ ರಾಬರ್ಟ್ ಬಾಷ್ ಕಾರ್ಖಾನೆಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್, ಕಿಡಿಗೆ ವಿದ್ಯುತ್ ಒದಗಿಸುವ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಪ್ಲಗ್ಗನ್ನು ಜೋಡಿಯಾಗಿ ರೂಪಿಸಿದ.

1923ರಲ್ಲಿ ಅಮೆರಿಕದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಬಂತು. ಎಂಜಿನ್ ಬಡಿತವೇನೋ ತಗ್ಗಿತು. ಸೀಸದ ಕಿಟ್ಟ ಮಾತ್ರ ಪಿಂಗಾಣಿಗೆ ಅಂಟಿ, ವಿದ್ಯುತ್ತು ಕಿಡಿಯಾಗದೆ ಕಳ್ಳದಾರಿ ಹಿಡಿಯತೊಡಗಿತು. 1930ರ ದಶಕದಲ್ಲಿ ಹಳೆಯ ಪಿಂಗಾಣಿಯ ಜಾಗಕ್ಕೆ ಅಲ್ಯುಮಿನಾ ಬಂತು. ಇಂದಿಗೂ ಅದೇ ಇದೆ.

ಕಾಡುಮೇಡಿನ ವಾಹನಕ್ಕೆ ನೀರಿನ ಕಾಟವೂ ಸೇರುತ್ತದೆ. 1941ರ ವಿಲ್ಲಿಸ್ ಜೀಪಿನ ನಾಲ್ಕು ಪ್ಲಗ್ಗುಗಳು ಎಂಜಿನ್ ಹೆಡ್ಡಿನ ಮೇಲೆ ನೆಟ್ಟಗೆ ನಿಂತಿರುತ್ತವೆ. ಬಿಚ್ಚುವವರಿಗೆ ಸುಲಭ, ಕೆಸರು ನೀರಿಗೂ ಅಷ್ಟೇ ಸುಲಭ. ಅಮೆರಿಕದ ಸೇನೆ 1950ರ ಎಂ38 ಜೀಪಿಗೆ ನೀರು ಹೊಗದ 24 ವೋಲ್ಟ್ ಇಗ್ನಿಷನ್ ಕೊಡಿಸಿದ್ದು ಇದೇ ಕಾರಣಕ್ಕೆ. ಭಾರತಕ್ಕೆ ಬಾಷ್ ಪ್ಲಗ್ಗಿನ ತಯಾರಿಕೆ ಬಂದದ್ದು ಬೆಂಗಳೂರಿನ ಮೂಲಕ: 1951ರಲ್ಲಿ ಸ್ಥಾಪನೆಯಾದ, ಆಡುಗೋಡಿಯ ಮೈಕೋ ಕಂಪನಿಯ ಮೂಲಕ. ಮಲೆನಾಡಿನ ಡೀಸೆಲ್ ಜೀಪುಗಳಿಗೆ ಪ್ಲಗ್ಗಿನ ಗೊಡವೆಯಿಲ್ಲ. 1985ರಲ್ಲಿ ಬಂದ ಪೆಟ್ರೋಲ್ ಮಾರುತಿ ಜಿಪ್ಸಿಗೆ ಇದೆ.

ಇನ್ನು ಪ್ಲಗ್ಗಿನ ತಪಾಸಣೆ. ಬಿಚ್ಚುವ ಮುನ್ನ ಎಂಜಿನ್ ತಣ್ಣಗಾಗಿರಬೇಕು. ಪ್ಲಗ್ಗಿನ ಬುಡದ ಮಣ್ಣನ್ನು ಗಾಳಿ ಹಾಕಿ ತೆಗೆಯದಿದ್ದರೆ ಅದು ನೇರ ಸಿಲಿಂಡರಿನೊಳಗೆ ಬೀಳುತ್ತದೆ. ಯಾವ ಪ್ಲಗ್ ಯಾವ ಸಿಲಿಂಡರಿನದು ಎಂದು ಗುರುತಿಟ್ಟುಕೊಂಡರೆ ಮಾತ್ರ ತಪಾಸಣೆಗೆ ಅರ್ಥ. ಪಿಂಗಾಣಿಯ ತುದಿ ತಿಳಿ ಕಂದು ಇದ್ದರೆ ಎಲ್ಲ ಸರಿ. ಒಣ ಮಸಿ ಕಂಡರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಗಾಡಿ ಬಹಳ ಹೊತ್ತು ನಿಂತಲ್ಲೇ ಓಡಿದೆ. ಜಿಡ್ಡು ಮಸಿ ಆಯಿಲ್ ಒಳಗೆ ನುಗ್ಗುತ್ತಿರುವುದರ ಸುಳಿವು. ಅಲ್ಲಿ ಪ್ಲಗ್ ಬದಲಿಸಿ ಪ್ರಯೋಜನವಿಲ್ಲ. ಸುಟ್ಟ ಬಿಳುಪು, ಗುಳ್ಳೆ ಇದ್ದರೆ ವಿಪರೀತ ಕಾವು. ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಸಿ ತಾನೇ ಉರಿದುಹೋಗುತ್ತದೆ. 900ರ ಆಸುಪಾಸಿಗೆ ಹೋದರೆ ಕಿಡಿಗೂ ಮುಂಚೆಯೇ ಇಂಧನ ಹೊತ್ತಿಕೊಳ್ಳುತ್ತದೆ. ಪ್ಲಗ್ಗಿನ ಹೀಟ್ ರೇಂಜ್ ಇವೆರಡರ ನಡುವಿನ ಲೆಕ್ಕಾಚಾರ. ಆದ್ದರಿಂದ ಕೈಪಿಡಿ ಹೇಳಿದ ನಂಬರನ್ನು ಬದಲಿಸದಿರುವುದು ಲೇಸು.

ಉಪ್ಪು ಕಾಗದದಿಂದ ಉಜ್ಜಿ ಮತ್ತೆ ಹಾಕುವ ಅಭ್ಯಾಸ ಕಾಡಿನ ನಡುವೆ ಕೈಕೊಟ್ಟಾಗ ಸರಿ, ಮನೆಯಲ್ಲಲ್ಲ. ಹೊಸದರ ಗ್ಯಾಪನ್ನು ಫೀಲರ್ ಗೇಜಿನಿಂದ ಅಳೆಯಬೇಕು, ವಿಲ್ಲಿಸ್‌ಗೆ 0.76 ಮಿಲಿಮೀಟರ್. ಅಳತೆ ಸರಿಪಡಿಸಲು ಹೊರಗಿನ ಕಡ್ಡಿಯನ್ನಷ್ಟೇ ಬಗ್ಗಿಸಬೇಕು. ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ, ಕೊನೆಯ ಬಿಗಿಗೆ ಮಾತ್ರ ಸ್ಪ್ಯಾನರ್ ಹಿಡಿಯಬೇಕು. ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತುಹೋದರೆ ಅದರ ರಿಪೇರಿ ಖರ್ಚಿನಲ್ಲಿ ಪ್ಲಗ್ಗುಗಳ ಹಲವು ಸೆಟ್ ಕೊಳ್ಳಬಹುದು.