ಊತ ಇಳಿಯಲು ಸಮಯ ಬೇಕು: ಹುಡುಗರ ಎದೆಯ ಶಸ್ತ್ರಚಿಕಿತ್ಸೆ ಮತ್ತು ನಂತರದ ತಿಂಗಳುಗಳು

ಹದಿಹರೆಯದಲ್ಲಿ ಹುಡುಗರ ಎದೆಯೂ ಉಬ್ಬುವುದುಂಟು. ಇದಕ್ಕೆ ವೈದ್ಯರು ಗೈನೆಕೊಮಾಸ್ಟಿಯಾ ಎನ್ನುತ್ತಾರೆ. ಈ ವಯಸ್ಸಿನ ಹುಡುಗರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಸ್ವಲ್ಪವಾದರೂ ಹೀಗಾಗುತ್ತದೆ. 13-14ನೇ ವಯಸ್ಸಿಗೆ ಹೆಚ್ಚಾಗಿ ಕಾಣಿಸಿಕೊಂಡು, ಬಹಳಷ್ಟು ಹುಡುಗರಲ್ಲಿ 6 ತಿಂಗಳಿಂದ 2 ವರ್ಷದೊಳಗೆ ತಾನಾಗಿಯೇ ಇಳಿದುಹೋಗುತ್ತದೆ. ಕೆಲವರಲ್ಲಿ ಮಾತ್ರ 17-18 ಆದರೂ ಉಳಿಯುತ್ತದೆ. ಆ ಕೆಲವರು ನಮ್ಮ ತರಗತಿಗಳಲ್ಲೂ ಇರಬಹುದು. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಜರ್ಕಿನ್ ತೆಗೆಯದವರು, ಬೆನ್ನು ಬಾಗಿಸಿ ನಡೆಯುವವರು, ಕಾಲುವೆಗೆ ಈಜಲು ಕರೆದರೆ ನೆಪ ಹೇಳುವವರು, ಕುಸ್ತಿ ಇಷ್ಟವಿದ್ದರೂ ಗರಡಿಮನೆಯ ಹೊಸ್ತಿಲು ತುಳಿಯದವರು.

ಇಂಥವರಲ್ಲಿ ಕೆಲವರು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಾರೆ. ಆಪರೇಷನ್ ಬಗ್ಗೆ ಹೇಳುವವರು ಬಹಳ ಜನ. ಆಪರೇಷನ್ ಆದ ಮೇಲಿನ ಮೂರು, ಆರು ತಿಂಗಳುಗಳ ಬಗ್ಗೆ ಹೇಳುವವರು ಕಡಿಮೆ. ಬ್ಯಾಂಡೇಜ್ ಬಿಚ್ಚಿದ ದಿನ ಎದೆ ಮೊದಲಿಗಿಂತ ದೊಡ್ಡದಾಗಿ ಕಂಡರೆ ಹುಡುಗನ ಎದೆಗುಂದುತ್ತದೆ. 'ದುಡ್ಡೂ ಹೋಯಿತು, ಮಾನವೂ ಹೋಯಿತು' ಎಂದು ಮೂಲೆ ಸೇರುತ್ತಾನೆ. ಬಹಳಷ್ಟು ಸಲ ಅಲ್ಲಿ ಏನೂ ಕೆಟ್ಟಿರುವುದಿಲ್ಲ. ಗಾಯ ಮಾಯುವ ಲೆಕ್ಕ ಅವನಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ. ಆ ಲೆಕ್ಕವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಎದೆ ಉಬ್ಬುವುದು ಏಕೆ?

ಪ್ರಥಮ ಪಿಯುಸಿ ಜೀವಶಾಸ್ತ್ರದ ಹಾರ್ಮೋನುಗಳ ಪಾಠ ನೆನಪಿಸಿಕೊಳ್ಳಿ. ಗಂಡಿನ ದೇಹದಲ್ಲೂ ಈಸ್ಟ್ರೋಜನ್ ಇರುತ್ತದೆ, ಹೆಣ್ಣಿನ ದೇಹದಲ್ಲೂ ಟೆಸ್ಟೋಸ್ಟಿರಾನ್ ಇರುತ್ತದೆ. ಪ್ರೌಢಾವಸ್ಥೆಯಲ್ಲಿ ಇವೆರಡರ ತೂಕ ಕೆಲಕಾಲ ಏರುಪೇರಾಗುತ್ತದೆ. ಆಗ ತೊಟ್ಟಿನ ಹಿಂದಿರುವ ಗ್ರಂಥಿ ಬೆಳೆದು, ಗುಂಡಿಯಷ್ಟು ಗಟ್ಟಿಯಾಗಿ ಕೈಗೆ ಸಿಗುತ್ತದೆ. ಮುಟ್ಟಿದರೆ ನೋಯುವುದೂ ಉಂಟು. ಗ್ರಂಥಿ ಬೆಳೆಯದೆ ಬರೀ ಕೊಬ್ಬು ಸೇರಿದ್ದರೆ ಅದು ಬೇರೆ. ತೂಕ ಇಳಿಸಿದರೆ ಅದು ಕಡಿಮೆಯಾಗಬಹುದು.

ಬೇರೆ ಕಾರಣಗಳೂ ಇವೆ. ಕೆಲವು ಔಷಧಿಗಳು, ಥೈರಾಯ್ಡ್ ಮತ್ತು ಯಕೃತ್ತಿನ ತೊಂದರೆಗಳು, ಅಪರೂಪಕ್ಕೆ ವೃಷಣದ ಗಡ್ಡೆ ಇದಕ್ಕೆ ಕಾರಣವಾಗಬಹುದು. ಬೇಗ ಮೈಕಟ್ಟು ಬರಲೆಂದು ಜಿಮ್‌ಗಳಲ್ಲಿ ಗುಟ್ಟಾಗಿ ತೆಗೆದುಕೊಳ್ಳುವ ಸ್ಟೆರಾಯ್ಡ್ ಕೂಡ ಒಂದು ಕಾರಣ. ಹೆಚ್ಚಾದ ಟೆಸ್ಟೋಸ್ಟಿರಾನ್‌ನ ಒಂದು ಭಾಗವನ್ನು ದೇಹವೇ ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಎದೆ ಗಟ್ಟಿಯಾಗಲೆಂದು ಚುಚ್ಚಿಸಿಕೊಂಡ ಸೂಜಿಯಿಂದ ಎದೆ ಉಬ್ಬುತ್ತದೆ. ಆದ್ದರಿಂದ ಮೊದಲು ವೈದ್ಯರ ತಪಾಸಣೆ, ಆಮೇಲೆ ಆಪರೇಷನ್ ಮಾತು.

ಸಾವಿರ ವರ್ಷದ ಹಿಂದಿನ ಗೆರೆ

ಇದು ಇಂದಿನ ಫ್ಯಾಷನ್ನಿನ ಆಪರೇಷನ್ ಎಂದು ಕೆಲವರು ತಿಳಿದಿದ್ದಾರೆ. ಕ್ರಿ.ಶ. 1000ದ ಹೊತ್ತಿಗೆ ಸ್ಪೇನ್‌ನ ಕೊರ್ಡೊಬಾದಲ್ಲಿದ್ದ ವೈದ್ಯ ಅಬುಲ್ ಕಾಸಿಮ್ ಅಲ್-ಝಹ್ರಾವಿ ತನ್ನ 30 ಭಾಗಗಳ 'ಅಲ್-ತಸ್ರೀಫ್' ಗ್ರಂಥದ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೇ ಮೀಸಲಿಟ್ಟಿದ್ದಾನೆ. ಗಂಡಸರ ಎದೆ ಉಬ್ಬಿದರೆ ಅರ್ಧಚಂದ್ರದ ಆಕಾರದಲ್ಲಿ ಕೊಯ್ದು, ಒಳಗಿನದನ್ನು ತೆಗೆದು, ಗಾಯ ಮಾಯಲು ಔಷಧಿ ಹಾಕಬೇಕೆಂದು ಅದರಲ್ಲಿ ಬರೆದಿದ್ದಾನೆ. ಇಂದಿಗೂ ವೈದ್ಯರು ಸಾಮಾನ್ಯವಾಗಿ ಹಾಕುವುದು ಅರ್ಧಚಂದ್ರದ ಗೆರೆಯನ್ನೇ. ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಕೆಳಅಂಚಿನಲ್ಲಿ ಸಣ್ಣದಾಗಿ ಕೊಯ್ದು ಗ್ರಂಥಿಯನ್ನು ತೆಗೆಯುತ್ತಾರೆ. ಕೊಬ್ಬು ಹೆಚ್ಚಿದ್ದರೆ ತೆಳುವಾದ ಕೊಳವೆಯಿಂದ ಅದನ್ನು ಹೀರಿ ತೆಗೆಯುತ್ತಾರೆ. ಇದಕ್ಕೆ ಲೈಪೊಸಕ್ಷನ್ ಎಂದು ಹೆಸರು. ಹೊರಗೆ ಕಾಣುವ ಗಾಯ ಒಂದೆರಡು ಇಂಚು ಮಾತ್ರ. ಒಳಗೆ ಆಗಿರುವ ಗಾಯ ಇಡೀ ಎದೆಯಷ್ಟು ಅಗಲ. ಇದನ್ನು ನೆನಪಿಟ್ಟರೆ ಮುಂದಿನದು ಸುಲಭವಾಗಿ ತಿಳಿಯುತ್ತದೆ.

ಊತ ಬರುವುದು ಏಕೆ?

ನಮ್ಮ ಕಡೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಧುಪದಾಳದ ಅಣೆಕಟ್ಟಿನಿಂದ ಹೊರಟ ಕಾಲುವೆ ಹೊಲಗಳಿಗೆ ನೀರು ತರುತ್ತದೆ. ಹೆಚ್ಚಾದ ನೀರು ಹೊರಗೆ ಹೋಗಲು ಬಸಿಗಾಲುವೆ ಬೇಕು. ಬಸಿಗಾಲುವೆ ಮುಚ್ಚಿಹೋದರೆ ನೀರು ನಿಂತು ಹೊಲ ಸವಳು-ಜವಳಾಗುವುದನ್ನು ನಮ್ಮ ರೈತರು ಕಂಡಿದ್ದಾರೆ.

ದೇಹದಲ್ಲಿ ರಕ್ತನಾಳಗಳು ಕಾಲುವೆಗಳಿದ್ದಂತೆ, ದುಗ್ಧನಾಳಗಳು ಬಸಿಗಾಲುವೆಗಳಿದ್ದಂತೆ. ಆಪರೇಷನ್ ಆದಾಗ ಎದೆಯ ಚರ್ಮದ ಕೆಳಗಿನ ಸಣ್ಣ ದುಗ್ಧನಾಳಗಳು ತುಂಡಾಗುತ್ತವೆ. ಅದೇ ಹೊತ್ತಿಗೆ ಗಾಯವನ್ನು ಸರಿಪಡಿಸಲು ಬಿಳಿ ರಕ್ತಕಣಗಳೂ ಪ್ರೋಟೀನುಗಳೂ ಬರಬೇಕು. ಅವುಗಳಿಗೆ ದಾರಿ ಬಿಡಲು ರಕ್ತನಾಳಗಳ ಗೋಡೆ ಸಡಿಲಗೊಂಡು ನೀರಿನಂಶ ಹೊರಗೆ ಜಿನುಗುತ್ತದೆ. ಬರುವ ನೀರು ಹೆಚ್ಚು, ಹೋಗುವ ದಾರಿ ಕಡಿಮೆ. ಹೀಗಾಗಿ ಎದೆ ಊದಿಕೊಳ್ಳುತ್ತದೆ. ತುಂಡಾದ ದುಗ್ಧನಾಳಗಳು ಮತ್ತೆ ಬೆಳೆದು ಕೂಡಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಊತ ನಿಧಾನವಾಗಿ ಇಳಿಯಲು ಇದೇ ಕಾರಣ.

ವಾರ, ತಿಂಗಳುಗಳ ಲೆಕ್ಕ

ಎಲ್ಲರ ದೇಹ ಒಂದೇ ಅಲ್ಲ. ಆದರೂ ಸಾಮಾನ್ಯ ಲೆಕ್ಕ ಹೀಗಿದೆ.

ಮೊದಲ 3 ದಿನ: ಊತ ಏರುತ್ತಲೇ ಇರುತ್ತದೆ. 48ರಿಂದ 72 ಗಂಟೆಯ ಹೊತ್ತಿಗೆ ಅತಿ ಹೆಚ್ಚು. ಚರ್ಮ ನೀಲಿ, ಹಳದಿ ಆಗುತ್ತದೆ. ಬಣ್ಣ ಹೊಟ್ಟೆಯ ಕಡೆಗೂ ಇಳಿಯಬಹುದು. ಕೆಲವರಿಗೆ ಒಳಗಿನ ದ್ರವ ಹೊರತೆಗೆಯಲು ಸಣ್ಣ ನಳಿಕೆ ಇಟ್ಟಿರುತ್ತಾರೆ.

1ರಿಂದ 3 ವಾರ: ಬಣ್ಣ ಮಾಸುತ್ತದೆ, ನೋವು ಇಳಿಯುತ್ತದೆ. ಊತ ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಿ ಇಳಿಯಬಹುದು. ಎರಡೂ ಕಡೆ ಸಮವಾಗಿಲ್ಲ ಎಂದು ಈಗಲೇ ಹೆದರಬೇಕಾಗಿಲ್ಲ.

4ರಿಂದ 6 ವಾರ: ದೊಡ್ಡ ಊತ ಬಹುಪಾಲು ಇಳಿದಿರುತ್ತದೆ. ಆದರೆ ತೊಟ್ಟಿನ ಹಿಂದೆ ಗಟ್ಟಿಯಾದ ಗಂಟು ಸಿಗುತ್ತದೆ. 'ಗ್ರಂಥಿ ಮತ್ತೆ ಬೆಳೆಯಿತು' ಎಂದು ಹುಡುಗರು ಗಾಬರಿಯಾಗುವುದು ಇಲ್ಲೇ. ಸಾಮಾನ್ಯವಾಗಿ ಅದು ಗಾಯ ಮಾಯುವಾಗ ಒಳಗೆ ಕಟ್ಟಿಕೊಳ್ಳುವ ಕೊಲಾಜನ್ ನಾರು. ತಿಂಗಳುಗಳು ಕಳೆದಂತೆ ಮೆತ್ತಗಾಗುತ್ತದೆ.

3ರಿಂದ 6 ತಿಂಗಳು: ಉಳಿದ ಊತ ಇಳಿದು ಎದೆಯ ನಿಜವಾದ ಆಕಾರ ಕಾಣುತ್ತದೆ. ಮರಗಟ್ಟಿದ ಚರ್ಮಕ್ಕೆ ಸ್ಪರ್ಶ ಮೆಲ್ಲನೆ ಮರಳುತ್ತದೆ. ಆಗ ಚುಚ್ಚಿದಂತೆ, ಇರುವೆ ಹರಿದಂತೆ ಅನಿಸುವುದು ಸಹಜ.

1 ವರ್ಷ: ಕೆಂಪಾಗಿದ್ದ ಕಲೆ ತಿಳಿಯಾಗಿ, ತೆಳುವಾಗಿ ನಿಲ್ಲುತ್ತದೆ.

ಗಾಯದ ಬಲದ ಲೆಕ್ಕ ಕೇಳಿದರೆ ಅವಸರ ಏಕೆ ಬೇಡ ಎಂಬುದು ತಿಳಿಯುತ್ತದೆ. 3 ವಾರಕ್ಕೆ ಗಾಯಕ್ಕೆ ಮೊದಲಿನ ಚರ್ಮದ ಬಲದ ಮೂರನೇ ಒಂದು ಭಾಗವೂ ಬಂದಿರುವುದಿಲ್ಲ. 3 ತಿಂಗಳಿಗೆ ಸುಮಾರು ನೂರಕ್ಕೆ 80ರಷ್ಟು ಬರುತ್ತದೆ. ಅಷ್ಟೇ ಕೊನೆ, ಪೂರ್ತಿ ನೂರು ಎಂದೂ ಬರುವುದಿಲ್ಲ.

ನಮ್ಮ ಕೈಯಲ್ಲಿರುವುದು

ಬಿಗಿ ಬನಿಯನ್: ವೈದ್ಯರು ಕೊಡುವ ಬಿಗಿಯಾದ ಬನಿಯನ್ ದ್ರವ ತುಂಬದಂತೆ ಒತ್ತಿ ಹಿಡಿಯುತ್ತದೆ. ಸಾಮಾನ್ಯವಾಗಿ 4ರಿಂದ 6 ವಾರ ಹಗಲೂ ರಾತ್ರಿ ಹಾಕಲು ಹೇಳುತ್ತಾರೆ. ನಮ್ಮ ಬೇಸಿಗೆಯಲ್ಲಿ ಇದು ಕಷ್ಟವೇ. ಎರಡು ಬನಿಯನ್ ಇಟ್ಟುಕೊಂಡು ಒಂದನ್ನು ಒಗೆದು ಒಣಗಿಸಿ ಇನ್ನೊಂದನ್ನು ಹಾಕಿದರೆ ಬೆವರು, ತುರಿಕೆ ಕಡಿಮೆ. ಬೇಗ ಇಳಿಯಲೆಂದು ಇನ್ನೂ ಬಿಗಿಯಾದದ್ದನ್ನು ತೊಡಬೇಡಿ. ಉಸಿರು ಕಟ್ಟಿದರೆ, ಚರ್ಮದ ಮೇಲೆ ಬೊಬ್ಬೆ ಎದ್ದರೆ ವೈದ್ಯರಿಗೆ ತೋರಿಸಿ.

ಮಲಗುವುದು, ನಡೆಯುವುದು: ಮೊದಲ ವಾರಗಳಲ್ಲಿ ಎರಡು ದಿಂಬು ಇಟ್ಟು ಅಂಗಾತ ಮಲಗಬೇಕು. ಎರಡನೆಯ ದಿನದಿಂದಲೇ ಮನೆಯೊಳಗೆ ನಿಧಾನವಾಗಿ ನಡೆದರೆ ರಕ್ತ ಸಂಚಾರ ಚೆನ್ನಾಗಿರುತ್ತದೆ. ದಂಡ, ಬೈಠಕ್, ಜಿಮ್, ಕ್ರಿಕೆಟ್ ಬೌಲಿಂಗ್, ಕೊಡ ಹೊರುವುದು, ಕಬ್ಬಿನ ಹೊರೆ ಎತ್ತುವುದು ಇವೆಲ್ಲ ವೈದ್ಯರು ಹೇಳುವವರೆಗೆ ಬೇಡ. ಸಾಮಾನ್ಯವಾಗಿ 4ರಿಂದ 6 ವಾರ ಕಾಯಬೇಕಾಗುತ್ತದೆ.

ಊಟ: ಹೊಸ ಮಾಂಸ ಕಟ್ಟಲು ಪ್ರೋಟೀನ್ ಬೇಕು. ಬೇಳೆ, ಮೊಳಕೆ ಬಂದ ಹೆಸರುಕಾಳು, ಶೇಂಗಾ, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಕೊಲಾಜನ್ ಕಟ್ಟಲು ವಿಟಮಿನ್ ಸಿ ಬೇಕು. ಅದಕ್ಕೆ ನೆಲ್ಲಿಕಾಯಿ, ಪೇರಲ, ನಿಂಬೆ. ಹಪ್ಪಳ, ಉಪ್ಪಿನಕಾಯಿ ಕಡಿಮೆ ಮಾಡಿ, ಉಪ್ಪು ನೀರನ್ನು ಹಿಡಿದಿಡುತ್ತದೆ. ಬೇಗ ತೆಳ್ಳಗಾಗಲೆಂದು ಊಟ ಬಿಟ್ಟರೆ ಗಾಯ ಮಾಯುವುದು ಇನ್ನೂ ತಡ. ರೋಜಾ ಇರಲಿ, ಏಕಾದಶಿ ಇರಲಿ, ಉಪವಾಸದ ದಿನಗಳು ಹತ್ತಿರವಿದ್ದರೆ ಮಾತ್ರೆಯ ಹೊತ್ತನ್ನು ವೈದ್ಯರ ಬಳಿ ಮೊದಲೇ ಕೇಳಿಕೊಳ್ಳಿ.

ತಂಬಾಕು: ಸಿಗರೇಟು, ಗುಟ್ಕಾ, ಮಾವಾ ಎಲ್ಲದರಲ್ಲೂ ನಿಕೋಟಿನ್ ಇದೆ. ಅದು ಸಣ್ಣ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಗಾಯಕ್ಕೆ ಆಮ್ಲಜನಕ ಸಿಗದೆ ಹೊಲಿಗೆಯ ಅಂಚು ಕಪ್ಪಾಗಬಹುದು. ಗಾಯ ಮಾಯುವುದು ತಡವಾಗಲು ಇದಕ್ಕಿಂತ ದೊಡ್ಡ ಶತ್ರು ಇಲ್ಲ ಎನ್ನಬಹುದು. ಆಪರೇಷನ್ನಿಗೆ ಮುಂಚಿನ ಮತ್ತು ನಂತರದ ಕನಿಷ್ಠ 4 ವಾರ ದೂರವಿಡಬೇಕು. ಎಂಟು ವಾರ ಬಿಟ್ಟವರು ಪೂರ್ತಿಯೇ ಬಿಟ್ಟರೆ ಇನ್ನೂ ಒಳ್ಳೆಯದು.

ಮನೆಮದ್ದು: ಅರಿಶಿನದ ಲೇಪ, ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ ಇವು ಹಸಿ ಗಾಯಕ್ಕೆ ಬೇಡ. ಮರಗಟ್ಟಿದ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ, ಸುಟ್ಟರೂ ಗೊತ್ತಾಗುವುದಿಲ್ಲ. ಮಂಜುಗಡ್ಡೆಯನ್ನು ನೇರವಾಗಿ ಇಡುವುದೂ ಅಷ್ಟೇ ಅಪಾಯ. ಮಸಾಜ್ ಯಾವಾಗ ಶುರು ಮಾಡಬೇಕೆಂದು ವೈದ್ಯರೇ ಹೇಳುತ್ತಾರೆ. ನೋವಿನ ಮಾತ್ರೆಯನ್ನೂ ಅಂಗಡಿಯಲ್ಲಿ ಕೇಳಿ ನುಂಗಬೇಡಿ, ಆಸ್ಪಿರಿನ್‌ನಂಥ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ.

ಕಾಯಬಾರದ ಲಕ್ಷಣಗಳು

ತಾಳ್ಮೆ ಬೇಕು ಎಂದರೆ ಎಲ್ಲವನ್ನೂ ಸಹಿಸಿ ಸುಮ್ಮನಿರಬೇಕು ಎಂದಲ್ಲ. ಎದೆಯ ಒಂದೇ ಕಡೆ ಕೆಲವೇ ಗಂಟೆಗಳಲ್ಲಿ ಊದಿ ಬಿಗಿದು ವಿಪರೀತ ನೋಯುತ್ತಿದ್ದರೆ ಒಳಗೆ ರಕ್ತ ತುಂಬುತ್ತಿರಬಹುದು. ಮೊದಲ ಎರಡು ದಿನ ಇದರ ಮೇಲೆ ಕಣ್ಣಿರಲಿ. ಇಂಥ ಹೊತ್ತಿನಲ್ಲಿ ಬೆಳಗಾಗಲಿ ಎಂದು ಕಾಯಬೇಡಿ. ಒತ್ತಿದರೆ ನೀರಿನ ಚೀಲದಂತೆ ಅಲುಗಾಡಿದರೆ ದ್ರವ ನಿಂತಿದೆ ಎಂದರ್ಥ, ವೈದ್ಯರು ಸೂಜಿಯಿಂದ ಅದನ್ನು ತೆಗೆಯುತ್ತಾರೆ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಹರಡುತ್ತಿರುವ ಕೆಂಪು, ಕೀವು, ದುರ್ವಾಸನೆ, ತೊಟ್ಟು ಕಪ್ಪಾಗುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಉಸಿರಾಟದ ತೊಂದರೆ ಅಥವಾ ಕಾಲಿನ ಮೀನಖಂಡದಲ್ಲಿ ಊತ, ನೋವು ಬಂದರೆ ಕೂಡಲೇ 108ಕ್ಕೆ ಕರೆ ಮಾಡಿ.

ಮನಸ್ಸಿನ ಊತ

ಪ್ರತಿದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಅಳೆಯುವವನಿಗೆ ಬದಲಾವಣೆ ಕಾಣುವುದೇ ಇಲ್ಲ. ಅದರ ಬದಲು ಎರಡು ವಾರಕ್ಕೊಮ್ಮೆ ಅದೇ ಜಾಗ, ಅದೇ ಬೆಳಕಿನಲ್ಲಿ ಒಂದು ಫೋಟೊ ತೆಗೆದು ತನ್ನ ಬಳಿಯೇ ಇಟ್ಟುಕೊಳ್ಳಲಿ. ಎರಡು ತಿಂಗಳ ಬಳಿಕ ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕದಲ್ಲಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ವೈದ್ಯರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಸಮಯದ ಆಯ್ಕೆಯೂ ಮುಖ್ಯ. ವಾರ್ಷಿಕ ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಮಾಡಿಸಿಕೊಂಡರೆ ಕಷ್ಟದ ಆರು ವಾರಗಳು ಮನೆಯಲ್ಲೇ ಕಳೆಯುತ್ತವೆ. ಮುಂದಿನ ತಿಂಗಳ ಮದುವೆಗೆ, ಮುಂದಿನ ವಾರದ ಪಂದ್ಯಕ್ಕೆ ಎದೆ ಸಪಾಟಾಗಬೇಕು ಎಂದು ದಿನ ಗೊತ್ತು ಮಾಡಿದವರಿಗೆ ನಿರಾಸೆ ಖಂಡಿತ. 'ಒಂದೇ ದಿನದಲ್ಲಿ ಪರಿಹಾರ' ಎಂಬ ಜಾಹೀರಾತುಗಳಲ್ಲಿ ಆಪರೇಷನ್ನಿನ ದಿನ ಮಾತ್ರ ಲೆಕ್ಕಕ್ಕಿರುತ್ತದೆ. ಪ್ಲಾಸ್ಟಿಕ್ ಸರ್ಜರಿಯಲ್ಲಿ ತರಬೇತಿ ಪಡೆದ ವೈದ್ಯರನ್ನು ಕಂಡು, ಮರುಭೇಟಿ, ಬನಿಯನ್ ಎಲ್ಲ ಸೇರಿ ಎಷ್ಟು ಖರ್ಚು ಎಂದು ಮೊದಲೇ ಕೇಳಿಕೊಳ್ಳುವುದು ಜಾಣತನ.

ಗೆಳೆಯರಿಗೊಂದು ಮಾತು. ಬಿಗಿ ಬನಿಯನ್ ಹಾಕಿದವನನ್ನು ಕಂಡು ನಗುವುದು ನಿಮಗೆ ಅರ್ಧ ನಿಮಿಷದ ಮೋಜು, ಅವನಿಗೆ ಅರ್ಧ ವರ್ಷದ ನೋವು. ಅವನ ಬ್ಯಾಗ್ ಹಿಡಿದುಕೊಳ್ಳಿ, ಬಸ್ಸಿನ ನೂಕುನುಗ್ಗಲಿನಲ್ಲಿ ಅವನ ಮುಂದೆ ನಿಂತು ಜಾಗ ಮಾಡಿಕೊಡಿ, ನೋಟ್ಸ್ ಕೊಡಿ. ಗುರುಗಳಲ್ಲೂ ಒಂದು ವಿನಂತಿ. ಆಟದ ಮೈದಾನದಲ್ಲಿ ಹುಡುಗನೊಬ್ಬ 'ಇವತ್ತು ಬೇಡ ಸರ್' ಎಂದರೆ ಕಾರಣವನ್ನು ಎಲ್ಲರ ಎದುರು ಕೇಳದೆ, ಆಮೇಲೆ ಒಬ್ಬನನ್ನೇ ಕರೆದು ಕೇಳಿದರೆ ಅವನು ಹೇಳಬಲ್ಲ.

ಮನೆಯಲ್ಲಿ ಹೇಳಲು ನಾಚಿಕೆಯಾದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್‌ನಲ್ಲಿ ಕೇಳಬಹುದು. ಮನಸ್ಸು ಕುಗ್ಗಿ ನಿದ್ದೆ, ಓದು, ಊಟ ಕೆಟ್ಟರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆಪರೇಷನ್ ವೈದ್ಯರ ಕೆಲಸ, ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಮಾಯಿಸುವುದು ದೇಹದ ಕೆಲಸ, ಅದಕ್ಕೆ ತಿಂಗಳುಗಳು ಬೇಕು. ಮೂರನೇ ವಾರದಲ್ಲಿ ಕಂಡ ಎದೆಯನ್ನು ನೋಡಿ ಯಾರೂ ತೀರ್ಪು ಕೊಡಬೇಡಿ. ಆರನೇ ತಿಂಗಳವರೆಗೆ ತಡೆಯಿರಿ. ಅಷ್ಟರೊಳಗೆ ಅನುಮಾನ ಬಂದರೆ ಕನ್ನಡಿಯನ್ನು ಕೇಳಬೇಡಿ, ವೈದ್ಯರನ್ನು ಕೇಳಿ.